ತೊಗರಿ ಬ್ಯಾಳಿ ದ್ರವ ಏನ್ರಿ? ಸಣ್ಣ ಮಕ್ಕಳಿಗೆ ಘನ, ದ್ರವ, ಅನಿಲ ಹ್ಯಾಂಗ ಕಲಿಸಬೇಕು

ಕಪ್ಪುಮಣ್ಣು (ಸೇಡಂ ತಾಲ್ಲೂಕು)

ಎಲ್ಲಾರಿಗೂ ನಮಸ್ಕಾರ್ರಿ. ಸರ್ಕಾರಿ ಶಾಲೆಯಲ್ಲಿ ಮೂರನೇ, ನಾಲ್ಕನೇ ತರಗತಿಗೆ ಪರಿಸರ ಅಧ್ಯಯನ ತಗೋತೀನಿ. ಘನ, ದ್ರವ, ಅನಿಲದ ಮಾತು ಬಂದಾಗ ಎಲ್ಲ ಕಡೆ ಹೇಳುವ ಮೂರು ಸಾಲು ಬೋರ್ಡ್ ಮೇಲೆ ಬರೆದಿದ್ದೆ. ಘನಕ್ಕೆ ತನ್ನದೇ ಆಕಾರ ಇರುತ್ತದೆ, ದ್ರವ ಪಾತ್ರೆಯ ಆಕಾರ ತಾಳುತ್ತದೆ, ಅನಿಲ ಸಿಕ್ಕ ಜಾಗವನ್ನೆಲ್ಲ ತುಂಬುತ್ತದೆ.

ಮರುದಿನ ಒಬ್ಬಾಕಿ ಹುಡುಗಿ ಸ್ಟೀಲ್ ಡಬ್ಬಿಯಲ್ಲಿ ತೊಗರಿ ಬ್ಯಾಳಿ ತಂದಳು. ಗ್ಲಾಸಿಗೆ ಸುರುವಿದಳು, ಅಲ್ಲಿಂದ ಚರಗಿಗೆ ಸುರುವಿದಳು, ವಾಪಸ್ ಡಬ್ಬಿಗೆ ಸುರುವಿದಳು. "ಟೀಚರ್, ಬ್ಯಾಳಿನೂ ಪಾತ್ರೆ ಆಕಾರ ತಗೋತದ ನೋಡ್ರಿ. ಹಂಗಾದ್ರ ಇದು ದ್ರವ ಅಲ್ಲೇನ್ರಿ?" ಅಂದಳು. ಅರ್ಧ ತರಗತಿ ಆಕಿ ಕಡೆ ನಿಂತಿತು. ಒಬ್ಬ ಹುಡುಗ "ಬ್ಯಾಳಿ ಒದ್ದಿ ಇಲ್ಲ, ಅದಕ್ಕ ದ್ರವ ಅಲ್ಲ" ಅಂದ. ಇನ್ನೊಬ್ಬ ಹಿಟ್ಟನ್ನೂ ಉಸುಕನ್ನೂ ದ್ರವದ ಪಟ್ಟಿಗೆ ಸೇರಿಸಿದ.

ಆ ಹುಡುಗಿಯ ಪ್ರಶ್ನೆ ನನಗೆ ಭಾಳ ಸೇರಿತು. ಬರೇ "ಅಲ್ಲವ್ವಾ, ಅದು ಘನ" ಅಂತ ಹೇಳಿ ಮುಂದೆ ಹೋಗಲಿಕ್ಕೆ ಮನಸ್ಸಿಲ್ಲ. ಮಕ್ಕಳೇ ಕಣ್ಣಿಂದ ನೋಡಿ, ಕೈಯಿಂದ ಮುಟ್ಟಿ ತೀರ್ಮಾನಕ್ಕೆ ಬರಬೇಕು. ನೀವೆಲ್ಲ ಹ್ಯಾಂಗ ಮಾಡ್ತೀರಿ? ನಮ್ಮಲ್ಲಿ ಲ್ಯಾಬ್ ಇಲ್ಲ, ಪ್ರೊಜೆಕ್ಟರ್ ಇಲ್ಲ. ಬಕೆಟ್, ಬಾಟಲಿ, ಅಡುಗೆ ಮನೆ ಸಾಮಾನು ಅವ.

ಶಹಾಬಾದ್ ಪರಸಿ

ಟೀಚರ್, ನಾನು ಎರಡನೇ ತರಗತಿ ಹುಡುಗನ ತಾಯಿ. ಒಂದೇ ಒಂದು ಬ್ಯಾಳಿ ಕೈಯಾಗ ಕೊಟ್ಟು ಕೇಳ್ರಿ. ಅದನ್ನ ಗ್ಲಾಸಿನಾಗ ಹಾಕಿದ್ರೂ ಅಷ್ಟೇ, ಪರಾತದಾಗ ಹಾಕಿದ್ರೂ ಅಷ್ಟೇ. ಆ ಒಂದು ಕಾಳಿನ ಆಕಾರ ಬದಲಾಗಂಗಿಲ್ಲ. ಒಂದು ಹನಿ ನೀರು ಬಟ್ಟೆ ಮ್ಯಾಲ ಹಾಕ್ರಿ, ಹಾಸುಗಲ್ಲಿನ ಮ್ಯಾಲ ಹಾಕ್ರಿ, ಎಲ್ಲಿ ಬಿತ್ತೋ ಹಂಗ ಹರಡ್ತದ. ನನ್ನ ಮಗನಿಗೆ ಇಷ್ಟಕ್ಕೇ ತಿಳೀತು.

ಹಳೇ ಮಾಸ್ತರ (ಕಲಬುರಗಿ)

ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಶಹಾಬಾದಿನ ತಾಯಿ ಹೇಳಿದ್ದು ಸರಿಯಾದ ದಾರಿ. ಅದಕ್ಕೆ ಇನ್ನೊಂದು ಸೇರಿಸುತ್ತೇನೆ, ಯಾಕೆಂದರೆ "ಒಂದು ಕಾಳು" ಎಂದ ಕೂಡಲೇ ಚುರುಕು ಮಕ್ಕಳು "ಹಂಗಾದ್ರ ಹಿಟ್ಟಿನಾಗ ಒಂದು ಕಾಳು ಎಲ್ಲದ?" ಅಂತ ಕೇಳುತ್ತಾರೆ.

ರಾಶಿ ಮಾಡಿಸಿರಿ. ನಮ್ಮ ಕಡೆಯ ಮಕ್ಕಳಿಗೆ ರಾಶಿ ಹೇಳಿಕೊಡಬೇಕಾಗಿಲ್ಲ, ತೊಗರಿ ರಾಶಿ ನೋಡುತ್ತಲೇ ಬೆಳೆದಿರುತ್ತವೆ. ದೊಡ್ಡ ತಾಟಿನ ನಡುವೆ ಬ್ಯಾಳಿ ನಿಧಾನ ಸುರುವಿದರೆ ಗುಡ್ಡ ಏಳುತ್ತದೆ. ನೀರು ಸುರುವಿದರೆ ಗುಡ್ಡ ಆಗುವುದೇ ಇಲ್ಲ. ಹಿಟ್ಟು, ಸಕ್ಕರೆ, ಉಪ್ಪು, ಉಸುಕು ಯಾವುದನ್ನು ಸುರುವಿದರೂ ಗುಡ್ಡ ನಿಲ್ಲುತ್ತದೆ. ಶೇಂಗಾ ಎಣ್ಣೆ, ಹಾಲು, ಮಜ್ಜಿಗೆ ಹರಡಿ ಸಮ ಆಗುತ್ತವೆ.

ಆಮೇಲೆ ಬಾಟಲಿ. ಒಂದೇ ಅಳತೆಯ ಎರಡು ಖಾಲಿ ನೀರಿನ ಬಾಟಲಿ ತಗೊಂಡು ಒಂದಕ್ಕೆ ಅರ್ಧ ನೀರು, ಇನ್ನೊಂದಕ್ಕೆ ಅರ್ಧ ಬ್ಯಾಳಿ ಹಾಕಿ ಮುಚ್ಚಿರಿ. ಎರಡನ್ನೂ ನಿಧಾನಕ್ಕೆ ಓರೆ ಮಾಡಿಸಿರಿ. ನೀರಿನ ಮೇಲ್ಮೈ ನೆಲಕ್ಕೆ ಸಮನಾಗೇ ಉಳಿಯುತ್ತದೆ, ಬಾಟಲಿ ಎಷ್ಟೇ ಓರೆಯಾದರೂ. ಬ್ಯಾಳಿಯ ಮೇಲ್ಮೈ ಬಾಟಲಿಯ ಜೊತೆಗೇ ಓರೆಯಾಗುತ್ತದೆ. ಇನ್ನಷ್ಟು ಬಾಗಿಸಿದಾಗ ಒಮ್ಮೆಲೇ ಒಂದಿಷ್ಟು ಕಾಳು ಜಾರಿ ಬೀಳುತ್ತವೆ, ಮತ್ತೆ ನಿಲ್ಲುತ್ತವೆ. ಮಕ್ಕಳಿಗೆ ಬಾಟಲಿ ಕೊಟ್ಟು ಎರಡರ ಮೇಲ್ಮೈಯನ್ನೂ ವಹಿಯಲ್ಲಿ ಗೆರೆ ಹಾಕಿ ತೋರಿಸಲು ಹೇಳಿರಿ. ಚಿತ್ರ ಬರೆಯುವಾಗಲೇ ಅವರಿಗೆ ವ್ಯತ್ಯಾಸ ತಟ್ಟುತ್ತದೆ. ಬಹಳ ಮಕ್ಕಳು ಮೊದಲು ನೀರಿನ ಗೆರೆಯನ್ನೂ ಓರೆಯಾಗೇ ಬರೆಯುತ್ತಾರೆ. "ಮತ್ತೊಮ್ಮೆ ಬಾಟಲಿ ನೋಡಿ ಬರಿ" ಅಂದರೆ ಸಾಕು, ನೀವು ತಿದ್ದುವ ಅಗತ್ಯ ಇಲ್ಲ.

ಕಾಳು ಒಂದಕ್ಕೊಂದು ತಿಕ್ಕಿ ಹಿಡಿದುಕೊಳ್ಳುವುದರಿಂದ ಗುಡ್ಡ ನಿಲ್ಲುತ್ತದೆ. ದ್ರವಕ್ಕೆ ಸುಮ್ಮನಿದ್ದಾಗ ಹಾಗೆ ಇಳಿಜಾರಾಗಿ ನಿಲ್ಲುವ ತಾಕತ್ತಿಲ್ಲ. ಇಷ್ಟು ನಿಮಗೆ ಗೊತ್ತಿದ್ದರೆ ಸಾಕು, ಮೂರನೇ ತರಗತಿಗೆ ಗುಡ್ಡ ಆಗ್ತದೋ ಇಲ್ಲೋ ಅನ್ನುವುದೇ ಪರೀಕ್ಷೆ. ಹಿಟ್ಟಿನ ವಿಷಯಕ್ಕೆ ಒಂದು ಭೂತಗನ್ನಡಿ ಇರಲಿ. ಜೋಳದ ಹಿಟ್ಟನ್ನು ಕರಿ ಕಾಗದದ ಮೇಲೆ ಉದುರಿಸಿ ನೋಡಿದರೆ ಚೂರುಗಳು ಬಿಡಿ ಬಿಡಿಯಾಗಿ ಕಾಣುತ್ತವೆ.

ಹತ್ತಿ ಹೊಲ (ಶಹಾಪುರ, ಯಾದಗಿರಿ ಜಿಲ್ಲೆ)

ಮಾಸ್ತರೇ, ಬಾಟಲಿ ಓರೆ ಮಾಡುವುದು ಭಾಳ ಚಲೋ ಅದ. ನಾಳೆನೇ ಮಾಡ್ತೀನಿ.

ನಾನು ನಲಿಕಲಿ ತರಗತಿ ತಗೋತೀನಿ, ಒಂದರಿಂದ ಮೂರು. ಅಷ್ಟು ಸಣ್ಣ ಮಕ್ಕಳಿಗೆ ಮೊದಲ ದಿನ ಘನ, ದ್ರವ ಎನ್ನುವ ಹೆಸರೇ ಹೇಳಂಗಿಲ್ಲ. ಸಾಮಾನು ನಡುವೆ ಇಟ್ಟು "ಒಂದೇ ಥರದವು ಒಂದು ಕಡೆ ಇಡ್ರಿ" ಅಂತೀನಿ. ಕೆಲವು ಮಕ್ಕಳು ಬಣ್ಣ ನೋಡಿ ಬೇರೆ ಮಾಡ್ತಾವ, ಕೆಲವು ತಿನ್ನೋದು, ತಿನ್ನಲಾರದ್ದು ಅಂತ ಮಾಡ್ತಾವ. ಮಾಡಲಿ. ಆಮೇಲೆ "ಬೊಗಸ್ಯಾಗ ಹಿಡಿದ್ರ ಬೆರಳ ಸಂದಿಯಿಂದ ಯಾವುದು ಇಳೀತದ?" ಅಂತ ಕೇಳಿದರೆ ಆಟ ಬದಲಾಗ್ತದ.

ಕಪ್ಪುಮಣ್ಣು ಅಕ್ಕಾ, ಬ್ಯಾಳಿಗಿಂತ ನನಗೆ ಜಾಸ್ತಿ ಕೆಲಸ ಕೊಟ್ಟಿದ್ದು ಹತ್ತಿ. ನಮ್ಮ ಊರಾಗ ಎಲ್ಲಾ ಮನಿಯಾಗೂ ಹತ್ತಿ ಇರ್ತದ. ಘನ ಅಂದ್ರ ಗಟ್ಟಿ ಇರೋದು ಅಂತ ಮಕ್ಕಳ ತಲೆಯಾಗ ಕೂತಿರ್ತದ. ಕಲ್ಲು, ಕಬ್ಬಿಣ, ಕಟಿಗಿ ಘನ, ಸರಿ. ಹತ್ತಿ, ಅರಿವಿ, ಸ್ಪಂಜು, ರಬ್ಬರು? "ಅವು ಮೆತ್ತಗ ಅವ, ಘನ ಅಲ್ಲ" ಅಂತಾವ. ಹತ್ತಿ ಉಂಡೆಯನ್ನು ಹಿಚುಕಿ ಬಿಡಿಸಿರಿ. ಮತ್ತೆ ಉಬ್ಬುತ್ತದ, ಆದ್ರ ಹರಿದು ಹೋಗಂಗಿಲ್ಲ, ತಾಟಿನ ಮೂಲಿಗೆಲ್ಲ ಹರಡಂಗಿಲ್ಲ. ಒಂದು ಎಳಿ ಬಿಡಿಸಿ ತೋರಿಸ್ರಿ, ಆ ಎಳಿ ಎಳೀನೇ. ಸ್ಪಂಜನ್ನು ನೀರಾಗ ಮುಳುಗಿಸಿ ಹಿಚುಕಿದರೆ ಗುಳ್ಳಿ ಬರ್ತಾವ, ಅಂದ್ರ ಹಿಚುಕಿದಾಗ ಹೋಗಿದ್ದು ಒಳಗಿನ ಗಾಳಿ. ಹೀಗೆ ಸ್ಪಂಜಿನಿಂದಲೇ ಅನಿಲಕ್ಕೆ ದಾರಿ ಸಿಗ್ತದ.

ಇನ್ನೊಂದು ಜೇನು. ಅದು ಸಾವಕಾಶ ಹರೀತದ, ಅದಕ್ಕೆ ಘನ ಅಂತಾವ. ಚಮಚೆಯಿಂದ ತಾಟಿಗೆ ಬಿಟ್ಟು ಸ್ವಲ್ಪ ಹೊತ್ತು ಕಾಯಿಸ್ರಿ. ಮೊದಲು ಗುಡ್ಡ ಕಂಡರೂ ಕರಗಿ ಸಮ ಆಗ್ತದ. ಸಾವಕಾಶ ಹರಿಯುವುದೂ ಹರಿಯುವುದೇ.

ಮಾತಿನ ವಿಷಯ. ನಮ್ಮ ತರಗತಿಯಲ್ಲಿ ತಾಂಡಾದಿಂದ ಬರುವ ಮಕ್ಕಳು, ಮನೆಯಲ್ಲಿ ಉರ್ದು, ತೆಲುಗು ಆಡುವ ಮಕ್ಕಳು ಇದ್ದಾರೆ. ನೋಡಿದ್ದನ್ನು ಮೊದಲು ಅವರ ಮನೆ ಮಾತಿನಲ್ಲೇ ಹೇಳಲಿ. ಪುಸ್ತಕದ ಹೆಸರು ಆಮೇಲೆ ಕೂಡಿಕೊಳ್ಳುತ್ತದೆ.

ಬೀದರಿನವ (ಈಗ ಬೆಂಗಳೂರು)

ಚರ್ಚೆ ಚೆನ್ನಾಗಿದೆ. ನನ್ನದೊಂದು ಬೇರೆ ಅಭಿಪ್ರಾಯ. ಗುಡ್ಡ, ಬಾಟಲಿ, ಹತ್ತಿ ಎಂದು ಸುತ್ತು ಹಾಕುವ ಬದಲು ನೇರವಾಗಿ ಅಣುಗಳನ್ನೇ ಹೇಳಿಕೊಡಬಾರದೇಕೆ? ಘನದಲ್ಲಿ ಅಣುಗಳು ಹತ್ತಿರ, ದ್ರವದಲ್ಲಿ ಸ್ವಲ್ಪ ದೂರ, ಅನಿಲದಲ್ಲಿ ಬಹಳ ದೂರ. ಇಷ್ಟು ಗೊತ್ತಾದರೆ ಉಳಿದದ್ದೆಲ್ಲ ತಾನಾಗೇ ಬರುತ್ತದೆ. ಯೂಟ್ಯೂಬ್‌ನಲ್ಲಿ ಅನಿಮೇಷನ್ ಸಿಗುತ್ತವೆ, ನನ್ನ ಮಗಳು ಮೂರನೇ ತರಗತಿಯಲ್ಲೇ ಗುಂಡು ಗುಂಡು ಚಿತ್ರ ಬರೆದು ತೋರಿಸುತ್ತಾಳೆ. ನಮ್ಮ ಭಾಗದ ಮಕ್ಕಳು ಹಿಂದೆ ಬೀಳಬಾರದು ಎಂಬ ಕಾಳಜಿಯಿಂದ ಹೇಳುತ್ತಿದ್ದೇನೆ.

ಹಳೇ ಮಾಸ್ತರ (ಕಲಬುರಗಿ)

ತಮ್ಮಾ, ನಿನ್ನ ಕಾಳಜಿ ನನ್ನದೂ ಹೌದು. ಆದರೆ ಚಿತ್ರ ಬರೆದಳು ಅಂದ ಮಾತ್ರಕ್ಕೆ ತಿಳಿಯಿತು ಅಂತ ಆಗುವುದಿಲ್ಲ. ಮಗಳನ್ನು ಒಂದು ಮಾತು ಕೇಳಿ ನೋಡು: "ಮಂಜುಗಡ್ಡೆಯ ಒಂದು ಅಣು ಗಟ್ಟಿ ಇರ್ತದೋ ಮೆತ್ತಗಿರ್ತದೋ?" ಬಹಳ ಮಕ್ಕಳು ಗಟ್ಟಿ ಅನ್ನುತ್ತಾರೆ. ನೀರಿನ ಅಣು ಒದ್ದೆ, ಹಬೆಯ ಅಣು ಬಿಸಿ ಅನ್ನುತ್ತಾರೆ. ಮೂರರಲ್ಲೂ ಇರುವುದು ಒಂದೇ ಥರದ ಅಣು, ಬದಲಾಗುವುದು ಅವುಗಳ ಜೋಡಣೆ ಮತ್ತು ಓಡಾಟ. ಇನ್ನೊಂದು ಪ್ರಶ್ನೆ: "ಎರಡು ಅಣುಗಳ ನಡುವೆ ಏನದ?" ಗಾಳಿ ಅನ್ನುತ್ತಾರೆ. ಗಾಳಿಯ ಅಣುಗಳ ನಡುವೆ ಏನದ ಅಂದರೂ ಗಾಳಿ! ಹೈಸ್ಕೂಲಿಗೆ ಬಂದ ಮಕ್ಕಳ ತಲೆಯಿಂದ ಇದನ್ನು ಬಿಡಿಸುವುದರಲ್ಲೇ ನನ್ನ ಎಷ್ಟೋ ಪೀರಿಯಡ್ ಹೋಗಿವೆ.

ಇನ್ನು ದ್ರವದ ಅಣುಗಳು ದೂರ ಎಂಬ ಚಿತ್ರ. ಅನಿಲದಲ್ಲಿ ದೂರ, ಅದು ಖರೆ. ನೀರು ಕುದಿದು ಆವಿಯಾದಾಗ ಸುಮಾರು 1,600 ಪಟ್ಟು ಜಾಗ ಹಿಡಿಯುತ್ತದೆ. ದ್ರವದಲ್ಲಿ ಮಾತ್ರ ಅಣುಗಳು ಹೆಚ್ಚು ಕಡಿಮೆ ಘನದಷ್ಟೇ ಒತ್ತಾಗಿ ಇರುತ್ತವೆ, ಒಂದರ ಪಕ್ಕದಿಂದ ಒಂದು ಸರಿದಾಡುತ್ತವೆ, ಅಷ್ಟೇ ವ್ಯತ್ಯಾಸ. ನೀರಿನಲ್ಲಂತೂ ತಿರುವುಮುರುವು. ಹೆಪ್ಪುಗಟ್ಟಿದಾಗ ನೀರು ಸುಮಾರು 9% ಹಿಗ್ಗುತ್ತದೆ, ಅಂದರೆ ಮಂಜುಗಡ್ಡೆಯಲ್ಲೇ ಅಣುಗಳ ನಡುವೆ ಜಾಗ ಹೆಚ್ಚು. ಅದಕ್ಕೇ ಮಂಜುಗಡ್ಡೆ ನೀರಿನ ಮೇಲೆ ತೇಲುತ್ತದೆ. ಪ್ಲಾಸ್ಟಿಕ್ ಬಾಟಲಿಯಲ್ಲಿ ಮುಕ್ಕಾಲು ನೀರು ತುಂಬಿ, ಮಟ್ಟಕ್ಕೆ ಪೆನ್ನಿನಿಂದ ಗೆರೆ ಹಾಕಿ ಫ್ರೀಜರ್‌ನಲ್ಲಿ ಇಟ್ಟರೆ ಮುಂಜಾನೆ ಮಟ್ಟ ಗೆರೆ ದಾಟಿರುತ್ತದೆ. ಗಾಜಿನ ಬಾಟಲಿ ಇಡಬಾರದು, ಒಡೆಯುತ್ತದೆ.

ಅಣುಗಳು ಬೇಡ ಅನ್ನುವವನು ನಾನಲ್ಲ. ಆರನೇ, ಏಳನೇ ತರಗತಿಯ ಹೊತ್ತಿಗೆ ಬರಲಿ. ಅಷ್ಟರೊಳಗೆ ಮಗು ಸುರುವಿ, ಒತ್ತಿ, ಕಾಸಿ, ಆರಿಸಿ ನೋಡಿರಬೇಕು. ಅಣು ಎಂಬ ಮಾತು ಯಾವ ಪ್ರಶ್ನೆಗೆ ಉತ್ತರವೋ ಆ ಪ್ರಶ್ನೆ ಮೊದಲು ಮಗುವಿನಲ್ಲಿ ಹುಟ್ಟಬೇಕು.

ಬೀದರಿನವ (ಈಗ ಬೆಂಗಳೂರು)

ಮಾಸ್ತರೇ, ಮಗಳನ್ನು ಕೇಳಿದೆ. "ಐಸ್ ಅಣು ಗಟ್ಟಿ, ತಣ್ಣಗೆ" ಎಂದಳು. ನೀವು ಹೇಳಿದ್ದು ಒಪ್ಪಿದೆ. ಆದರೆ ಅನಿಲ ಕಣ್ಣಿಗೇ ಕಾಣದು, ಅದನ್ನು ಕೈಗೆ ಸಿಗುವಂತೆ ಹೇಗೆ ಮಾಡುವುದು? ಖಾಲಿ ಗ್ಲಾಸ್ ಅಂದರೆ ಅವಳಿಗೆ ಖಾಲಿಯೇ.

ಔಷಧಿ ಅಂಗಡಿ (ಆಳಂದ)

ಇದಕ್ಕೆ ನಾನು ಹೇಳ್ತೀನಿ. ಸೂಜಿ ಇಲ್ಲದ ಸಿರಿಂಜ್ ತಗೋರಿ, 10 ಅಥವಾ 20 ಎಂ.ಎಲ್‌.ದು. ಮೆಡಿಕಲ್‌ನಾಗ ಸ್ವಲ್ಪ ರೊಕ್ಕಕ್ಕೇ ಸಿಗ್ತದ. ಹೊಸದೇ ಇರಬೇಕು, ಬಳಸಿದ್ದು ಯಾವ ಕಾರಣಕ್ಕೂ ಬ್ಯಾಡ. ಸೂಜಿಯನ್ನು ಅಂಗಡಿಯಲ್ಲೇ ಬಿಟ್ಟು ಬರ್ರಿ, ಶಾಲಿಗೆ ತರಬ್ಯಾಡ್ರಿ.

ಅಕ್ಕನ ಮಕ್ಕಳಿಗೆ ಮನಿಯಾಗ ಮಾಡಿಸಿದ್ದು ಹೇಳ್ತೀನಿ. ಒಳಗಿನ ದಂಡ 10ರ ಗೆರೆ ತನಕ ಎಳೆದು ಗಾಳಿ ತುಂಬಿ, ತುದಿಯನ್ನು ಹೆಬ್ಬೆರಳಿನಿಂದ ಬಿಗಿಯಾಗಿ ಮುಚ್ಚಿ ದಂಡ ಒತ್ತಿಸಿದೆ. 5ರ ಗೆರೆ ಹತ್ತಿರ ಬಂದು ಮುಂದೆ ಹೋಗಲ್ಲ ಅಂತದ. ಕೈ ಬಿಟ್ಟರೆ ಹಿಂದಕ್ಕೆ ಸರೀತದ. ಹುಡುಗ "ಒಳಗ ಯಾರೋ ನೂಕ್ಲತ್ತಾರ!" ಅಂತ ಕೂಗಿದ. ಆಮೇಲೆ ಅದೇ ಸಿರಿಂಜ್‌ಗೆ ನೀರು ತುಂಬಿ, ತುದಿ ಮೇಲಕ್ಕೆ ಹಿಡಿದು ಬೆರಳಿನಿಂದ ತಟ್ಟಿ ಗುಳ್ಳೆ ಹೊರಗೆ ಹಾಕಿದೆ. ಈಗ ತುದಿ ಮುಚ್ಚಿ ಒತ್ತು ಅಂದೆ. ಎರಡೂ ಕೈ ಹಾಕಿ ಒತ್ತಿದ, ಒಂದು ಗೆರೆನೂ ಸರೀಲಿಲ್ಲ. ಗುಳ್ಳೆ ಉಳಿದಿದ್ದರೆ ಮಾತ್ರ ಆಟ ಕೆಡ್ತದ, ಒಂದೀಟು ಸರೀತದ, ಹುಡುಗರಿಗೆ ನೀರೂ ಒತ್ತಿದ್ರ ಸಣ್ಣಾಗ್ತದ ಅಂತ ಅನಿಸಿಬಿಡ್ತದ. ಗುಳ್ಳೆ ತೆಗೆಯೋದು ಮುಖ್ಯ.

ಗ್ಲಾಸ್ ಖಾಲಿ ಅನ್ನುವುದಕ್ಕೆ ಹಳೆಯ ಆಟವೇ ಸಾಕು. ಗ್ಲಾಸಿನ ತಳಕ್ಕೆ ಕಾಗದ ತುರುಕಿ, ಬೋರಲು ಹಾಕಿ ನೆಟ್ಟಗೆ ಬಕೆಟ್ ನೀರಿಗೆ ಇಳಿಸ್ರಿ. ಹಂಗೇ ನೆಟ್ಟಗೆ ಎತ್ತಿದರೆ ಕಾಗದ ಒಣಗೇ ಇರ್ತದ. ನೀರೊಳಗೆ ಓರೆ ಮಾಡಿದರೆ ಬುಳುಬುಳು ಅಂತ ಗಾಳಿ ಹೊರಗೆ ಬರ್ತದ, ಕಾಗದ ತೋಯುತ್ತದ.

ಹಳೇ ಮಾಸ್ತರ (ಕಲಬುರಗಿ)

ಗಾಳಿಗೆ ತೂಕ ಇದೆ ಎಂಬುದಕ್ಕೆ ಕೋಲಿಗೆ ಎರಡು ಬಲೂನು ಕಟ್ಟಿ ಒಂದನ್ನು ಒಡೆಯುವ ಪ್ರಯೋಗ ಎಲ್ಲೆಡೆ ಕಾಣುತ್ತದೆ. ವ್ಯತ್ಯಾಸ ಅಷ್ಟು ಸಣ್ಣದು, ಒಡೆದ ಚೂರು ಹಾರಿಹೋದರೂ ಅದೇ ಫಲ ಬರುತ್ತದೆ. ಅದರ ಬದಲು ಒಂದು ಫುಟ್‌ಬಾಲ್ ತಗೊಳ್ಳಿ. ಮೆತ್ತಗಿದ್ದರೂ ದುಂಡಗೇ ಇರುವಾಗ ಒಮ್ಮೆ, ಪಂಪ್‌ನಿಂದ ಬಿರುಸಾಗಿ ತುಂಬಿದ ಮೇಲೆ ಒಮ್ಮೆ ಒಂದು ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿಯಲ್ಲಿ ತೂಗಿದರೆ ಕೆಲವು ಗ್ರಾಂ ಹೆಚ್ಚಾಗಿರುತ್ತದೆ. ಒಂದು ಲೀಟರ್ ನೀರು ಒಂದು ಕಿಲೋ, ಒಂದು ಲೀಟರ್ ಗಾಳಿ ಸುಮಾರು 1.2 ಗ್ರಾಂ.

ಶಹಾಬಾದ್ ಪರಸಿ

ನನ್ನದೊಂದು ಪ್ರಶ್ನೆ ಅದ. ತಣ್ಣನೆ ಗ್ಲಾಸಿನ ಹೊರಗ ಹನಿ ಮೂಡ್ತಾವಲ್ಲ, ನನ್ನ ಮಗ "ಗ್ಲಾಸ್ ಸೋರ್ಲತ್ತದ" ಅಂತಾನ. ಅದಕ್ಕೇನ ಹೇಳಬೇಕು? ಮತ್ತ ಮೇ ತಿಂಗಳಾಗ ತೋರಿಸಬೇಕು ಅಂತ ಮಾಡಿದ್ರ ಒಂದಿಷ್ಟು ಮೂಡಿ ಲಗೂನೇ ಆರಿಹೋದ್ವು.

ಹತ್ತಿ ಹೊಲ (ಶಹಾಪುರ, ಯಾದಗಿರಿ ಜಿಲ್ಲೆ)

ಅಕ್ಕಾ, ಸೋರಿದ್ದಲ್ಲ ಅಂತ ಮಗನೇ ಕಂಡುಹಿಡೀಲಿ. ಐಸ್ ನೀರಿಗೆ ಬೀಟ್‌ರೂಟ್ ರಸ ಹಾಕಿ ಕೆಂಪು ಮಾಡ್ರಿ. ಹೊರಗಿನ ಹನಿಯನ್ನು ಬಿಳಿ ಅರಿವಿಯಿಂದ ಒರೆಸಿದರೆ ಅರಿವಿಗೆ ಬಣ್ಣ ಹತ್ತಂಗಿಲ್ಲ. ಒಳಗಿನ ನೀರು ಹೊರಗೆ ಬಂದಿದ್ದರೆ ಕೆಂಪೇ ಬರಬೇಕಿತ್ತು. ಹಂಗಾದ್ರ ಈ ನೀರು ಎಲ್ಲಿಂದ ಬಂತು ಅಂತ ಅವನೇ ಕೇಳ್ತಾನ. ಮುಚ್ಚಳ ಬಿಗಿ ಮಾಡಿದ ಬಾಟಲಿಯನ್ನು ಫ್ರಿಜ್‌ನಿಂದ ತೆಗೆದ ಕೂಡಲೇ ಒಮ್ಮೆ, ಹನಿ ಮೂಡಿದ ಮೇಲೆ ಒಮ್ಮೆ ತೂಗಿದರೆ ತೂಕ ಹೆಚ್ಚಾಗಿರ್ತದ. ಹೊರಗಿನ ಗಾಳಿಯೊಳಗ ಇದ್ದ ನೀರೇ ಬಂದು ಕೂತಿದ್ದು.

ಮೇ ತಿಂಗಳ ಮಾತಿಗೆ ಬಂದರೆ, ನಮ್ಮ ಮೂರೂ ಜಿಲ್ಲೆಯಲ್ಲಿ ಬ್ಯಾಸಗಿ ಗಾಳಿ ಅಷ್ಟು ಒಣ ಇರ್ತದ. 42 ಡಿಗ್ರಿ ಬಿಸಿಲಾಗ ಗಾಳಿಯಲ್ಲಿ ನೀರಿನ ಆವಿ ಇದ್ದರೂ, ಗ್ಲಾಸ್ ಭಾಳ ತಣ್ಣಗಿದ್ದಾಗ ಮಾತ್ರ ಹನಿ ಕೂಡ್ತಾವ, ಕೂತ ಹನಿಯೂ ಹೊತ್ತು ನಿಲ್ಲಂಗಿಲ್ಲ. ಅದೇ ಜುಲೈ, ಆಗಸ್ಟ್‌ನಾಗ ಮಾಡ್ರಿ, ಗ್ಲಾಸಿನ ಮೈ ತುಂಬ ಹನಿ ಬಂದು ಕೆಳಗೆ ಇಳೀತಾವ.

ಬ್ಯಾಸಗಿಗೆ ಮಣ್ಣಿನ ಗಡಿಗೆಯ ಪಾಠ ಇಟ್ಟುಕೊಳ್ರಿ. ಗಡಿಗೆ ಮೈಯಿಂದ ಜಿನುಗಿದ ನೀರು ಒಣ ಗಾಳಿಗೆ ಆವಿಯಾಗಿ ಹೋಗ್ತದ, ಹೋಗುವಾಗ ಒಳಗಿನ ನೀರಿನ ಬಿಸಿ ತಗೊಂಡು ಹೋಗ್ತದ. ಬಿರುಬಿಸಿಲಾಗೇ ಗಡಿಗೆ ನೀರು ಹೆಚ್ಚು ತಂಪು, ಮಳೆಗಾಲದಾಗ ಅಷ್ಟು ತಂಪಾಗಂಗಿಲ್ಲ. ಹುಡುಗರ ಒಂದು ಕೈಗೆ ಒದ್ದಿ ಅರಿವಿ ಸುತ್ತಿ, ಇನ್ನೊಂದಕ್ಕೆ ಒಣ ಅರಿವಿ ಸುತ್ತಿ ಗಾಳಿಗೆ ನಿಲ್ಲಿಸ್ರಿ. ಮನಿಯ ಕೂಲರ್ ಯಾಕ ಮಳೆಗಾಲದಾಗ ಕೆಲಸ ಮಾಡಂಗಿಲ್ಲ ಅಂತ ದೊಡ್ಡ ಹುಡುಗರು ತಾವೇ ಹೇಳ್ತಾರ. ಪುಸ್ತಕದಾಗ ಯಾವ ಪಾಠ ಯಾವ ತಿಂಗಳಿಗೆ ಬಂದರೂ ಈ ಎರಡನ್ನು ಹವಾ ನೋಡಿ ಮಾಡಬೇಕು ಅಂತ ನನ್ನ ಅಭಿಪ್ರಾಯ.

ಬಿದರಿ ಮನಿ (ಬೀದರ್)

ನಮ್ಮ ಮನಿಯಾಗ ಬಿದರಿ ಕೆಲಸ ಅದ. ಮಕ್ಕಳು ನೋಡ್ಲಿಕ್ಕೆ ಬಂದಾಗ ಅವರಿಗೆ ಎಲ್ಲಕ್ಕಿಂತ ಆಶ್ಚರ್ಯ ಆಗೋದು ಲೋಹ ಕರಗೋದು. ಬಿದರಿಯ ಲೋಹದಾಗ ಹೆಚ್ಚಿನ ಪಾಲು ಸತುವು, ಸ್ವಲ್ಪ ತಾಮ್ರ. ಸತುವು ಸುಮಾರು 420 ಡಿಗ್ರಿಗೆ ಕರಗ್ತದ. ಕರಗಿದ ಲೋಹ ನೀರಿನಂಗ ಹರಿದು ಮಣ್ಣಿನ ಅಚ್ಚಿನ ಮೂಲಿ ಮೂಲಿ ತುಂಬ್ತದ, ಆರಿದ ಮ್ಯಾಲ ಅಚ್ಚು ಒಡೆದರೆ ಹೂಜಿಯ ಆಕಾರ ಕೈಗೆ ಬರ್ತದ. ಆಮ್ಯಾಲ ಕೆತ್ತೋದು, ಬೆಳ್ಳಿ ತಂತಿ ಕೂಡಿಸೋದು, ಕೋಟೆಯ ಮಣ್ಣು ಮತ್ತು ನವಸಾಗರ ಹಾಕಿ ಕಪ್ಪು ಮಾಡೋದು. ಕುಲುಮೆ ಹತ್ತಿರ ಮಕ್ಕಳನ್ನು ಬಿಡಂಗಿಲ್ಲ, ದೂರದಿಂದ ನೋಡಿದ್ರೂ ಸಾಕು. "ಲೋಹ ಯಾವಾಗಲೂ ಘನ" ಅಂತ ಬರೆದುಕೊಂಡ ಹುಡುಗರು ಅದನ್ನ ಅಲ್ಲೇ ಹೊಡೆದು ಹಾಕ್ತಾರ.

ಮನಿಯಾಗ ಇದೇ ಪಾಠಕ್ಕೆ ಕೊಬ್ಬರಿ ಎಣ್ಣೆ ಸಾಕು. ಸುಮಾರು 24, 25 ಡಿಗ್ರಿಗೆ ಕರಗ್ತದ. ಡಿಸೆಂಬರ್‌ನಾಗ ಬೀದರ್ ಥಂಡಿಗೆ ಮುಂಜಾನೆ ಬಾಟಲಿ ಬೋರಲು ಹಾಕಿದ್ರೂ ಬೀಳಂಗಿಲ್ಲ, ಬಿಸಿಲಿಗೆ ಇಟ್ಟರೆ ಸುರೀತದ. ಬಾಟಲಿ ಅದೇ, ಎಣ್ಣಿ ಅದೇ.

ಹಳೇ ಮಾಸ್ತರ (ಕಲಬುರಗಿ)

ಬಿದರಿಯವರು ಬಹಳ ಒಳ್ಳೆಯ ಮಾತು ಎತ್ತಿದರು. ಲೋಹ ಅಷ್ಟೇ ಅಲ್ಲ, ಕಲ್ಲೂ ಒಂದು ಕಾಲಕ್ಕೆ ದ್ರವ. ಆಳಂದ, ಬಸವಕಲ್ಯಾಣದ ಕಡೆಯ ಕರಿಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ಭೂಮಿಯೊಳಗಿಂದ ಉಕ್ಕಿ ಹರಿದ ಲಾವಾ. ಅದು ಆರಿ ಕಲ್ಲಾಯಿತು, ಕಲ್ಲು ಪುಡಿಯಾಗಿ ನಮ್ಮ ಕರಿ ಭೂಮಿ ಆಯಿತು. ಶಹಾಬಾದ್ ಕಲ್ಲಿನ ಕಥೆ ಬೇರೆ. ಅದು ಸುಣ್ಣದ ಕಲ್ಲು, ಅದಕ್ಕೂ ಬಹಳ ಹಿಂದೆ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತದ್ದು. ಅದಕ್ಕೇ ಹಾಸುಗಲ್ಲಾಗಿ ಅಷ್ಟು ಸಮನಾಗಿ ಏಳುತ್ತದೆ. ಐದನೇ ತರಗತಿಯ ಮಕ್ಕಳಿಗೆ ಎರಡೂ ಕಲ್ಲು ಕೈಯಲ್ಲಿ ಕೊಟ್ಟು ಹೇಳಿರಿ.

ಕರಗುವುದರಲ್ಲಿ ಇನ್ನೊಂದು ಗೊಂದಲ. ಬೆಣ್ಣೆಗೂ ಸಕ್ಕರೆಗೂ ನಾವು "ಕರಗಿತು" ಎಂದೇ ಹೇಳುತ್ತೇವೆ. ಬೆಣ್ಣೆಗೆ ಬಿಸಿ ಸಾಕು, ಬೇರೇನೂ ಬೇಡ. ಸಕ್ಕರೆ ಶರಬತ್ತಿನಲ್ಲಿ ಸೇರಬೇಕಾದರೆ ನೀರು ಬೇಕು. ನೀರು ಆರಿಸಿದರೆ ಸಕ್ಕರೆ ತಿರುಗಿ ಸಿಗುತ್ತದೆ. "ಇಲ್ಲಿ ಏನು ಬೇಕಾಯಿತು, ಬಿಸಿಯೋ ನೀರೋ?" ಎಂದು ಕೇಳಿದರೆ ಮಕ್ಕಳು ಎರಡನ್ನೂ ಬೇರೆ ಮಾಡುತ್ತಾರೆ.

ಭೀಮಾ ದಂಡಿ (ಯಾದಗಿರಿ)

ನಾನು ಸಾಲಿಯಲ್ಲಿದ್ದಾಗ ನಮ್ಮ ಸರ್ ಥರ್ಮಾಮೀಟರ್ ಒಡೆದು ಪಾದರಸ ಅಂಗೈಯಲ್ಲಿ ಇಟ್ಟು ತೋರಿಸಿದ್ದರು, ದ್ರವ ಲೋಹ ಅಂತ. ಹಾಗೆ ಮಾಡಬಹುದಲ್ಲ? ಕರ್ಪೂರ, ಡಾಂಬರ್ ಗುಳಿಗಿ ಸುಟ್ಟು ಘನದಿಂದ ನೇರ ಅನಿಲ ಅಂತ ತೋರಿಸಬಹುದು.

ಔಷಧಿ ಅಂಗಡಿ (ಆಳಂದ)

ಅಣ್ಣಾ, ಪಾದರಸ ಬ್ಯಾಡೇ ಬ್ಯಾಡ. ಅದರ ಆವಿ ಉಸಿರಿನಾಗ ಹೋಗ್ತದ, ವಿಷ. ನೆಲದ ಸಂದಿಗೆ ಹೋದ ಹನಿ ಅಲ್ಲೇ ಕೂತು ಎಷ್ಟೋ ದಿನ ಆವಿ ಬಿಡ್ತಿರ್ತದ. ಡಾಂಬರ್ ಗುಳಿಗಿನೂ ಬ್ಯಾಡ, ಮಕ್ಕಳು ಮಿಠಾಯಿ ಅಂತ ಬಾಯಿಗೆ ಹಾಕೋತಾವ. ಕೆಲವು ಮಕ್ಕಳಿಗೆ ಅದರಿಂದ ರಕ್ತದ ಕೆಂಪು ಕಣಗಳೇ ಒಡೆದು ಹೋಗ್ತಾವ.

ಕರ್ಪೂರ ಸುಟ್ಟರೆ ಅದು ಉರಿಯೋದು, ಬರೇ ಸ್ಥಿತಿ ಬದಲಾದಂಗಲ್ಲ. ಸುಡಬ್ಯಾಡ್ರಿ. ಒಂದು ಬಿಲ್ಲೆಯನ್ನ ಮೇಜಿನ ಎತ್ತರದ ಜಾಗದಾಗ ತೆರೆದ ತಟ್ಟೆಯಲ್ಲಿ ಟೀಚರ್ ಇಡಲಿ. ದಿನಾ ಸಣ್ಣ ಆಗ್ತದ, ತಟ್ಟೆ ಮಾತ್ರ ಒದ್ದಿ ಆಗಂಗಿಲ್ಲ. ಕರ್ಪೂರ ನುಂಗಿದ್ರೆ ಸಣ್ಣ ಮಕ್ಕಳಿಗೆ ಫಿಟ್ಸ್ ಬರಬಹುದು, ಅದಕ್ಕ ಕೈಗೆ ಕೊಡಬಾರದು.

ಕೆಟಲ್ ತೋರಿಸುವವರಿಗೂ ಒಂದು ಮಾತು. ದೂರ ನಿಲ್ಲಿಸಿ ತೋರಿಸ್ರಿ, ಹಬೆಯ ಸುಟ್ಟಗಾಯ ನೀರಿನದಕ್ಕಿಂತ ಕೆಟ್ಟದ್ದು. ಬಿಳಿ ಹೊಗೆಯಂಗ ಕಾಣೋದು ಅನಿಲ ಅಲ್ಲ, ಸಣ್ಣ ಸಣ್ಣ ನೀರಿನ ಹನಿ. ಕೆಟಲ್ ಬಾಯಿಗೂ ಆ ಬಿಳಿಗೂ ನಡುವೆ ಏನೂ ಕಾಣದ ಜಾಗ ಇರ್ತದಲ್ಲ, ನೀರಾವಿ ಇರೋದು ಅಲ್ಲೇ.

ಕಪ್ಪುಮಣ್ಣು (ಸೇಡಂ ತಾಲ್ಲೂಕು)

ಎಲ್ಲಾರಿಗೂ ಶರಣು. ಗುಡ್ಡ, ಬಾಟಲಿ, ಸಿರಿಂಜ್ ಮೂರೂ ಮಾಡಿಸಿದೆ. ಬಾಟಲಿ ಓರೆ ಮಾಡಿದಾಗ ಬ್ಯಾಳಿ ತಂದ ಹುಡುಗಿ ಭಾಳ ಹೊತ್ತು ಸುಮ್ಮನೆ ನೋಡಿ "ನೀರಿಗಿ ನೆಲ ಎಲ್ಲದ ಅಂತ ಗೊತ್ತದ, ಬ್ಯಾಳಿಗಿ ಗೊತ್ತಿಲ್ಲ" ಅಂದಳು. ಅದನ್ನೇ ಬೋರ್ಡ್ ಮೇಲೆ ಆಕಿಯ ಮಾತಲ್ಲೇ ಬರೆಸಿದೆ.

ಅಲ್ಲಿಗೆ ಮುಗೀಲಿಲ್ಲ. ಬ್ಯಾಳಿ ತುಂಬಿದ ಗ್ಲಾಸಿಗೆ ಒಬ್ಬ ಹುಡುಗ ನೀರು ಹಾಕಿದ. ಗ್ಲಾಸ್ ತುಂಬಿದ್ದರೂ ನೀರು ಒಳಗೆ ಹೋಗ್ತಾನೇ ಇತ್ತು! "ತುಂಬಿದ ಗ್ಲಾಸಿನಾಗ ಜಾಗ ಎಲ್ಲಿತ್ತು?" ಅಂತ ಎಲ್ಲರೂ ಕೇಳಿದರು. ಸಾವಕಾಶ ಹಾಕಿ ನೋಡ್ರಿ ಅಂದೆ. ಕಾಳುಗಳ ಸಂದಿಯಿಂದ ಗುಳ್ಳೆ ಮೇಲೆ ಬರೋದನ್ನ ಸಿರಿಂಜ್ ಆಡಿದ ಹುಡುಗನೇ ಮೊದಲು ಕಂಡ. "ಗಾಳಿ ಎದ್ದು ನೀರಿಗಿ ಜಾಗ ಕೊಡ್ಲತ್ತದ" ಅಂದ. ಘನ, ದ್ರವ, ಅನಿಲ ಮೂರೂ ಒಂದೇ ಗ್ಲಾಸಿನಲ್ಲಿ ಸಿಕ್ಕವು.

ಬಿದರಿ ಮನಿ (ಬೀದರ್)

ಅಕ್ಕಾ, ಆ ಮಕ್ಕಳನ್ನು ಪ್ರವಾಸಕ್ಕ ಬೀದರಿಗೆ ಕರಕೊಂಡು ಬರ್ರಿ. ನೌಬಾದದ ಕರೇಜ್ ಇದೇ ಪಾಠ, ದೊಡ್ಡದಾಗಿ. ಬಹಮನಿ ಕಾಲದ ಸುರಂಗ ಬಾವಿ. ನಮ್ಮ ಊರಿನ ಕೆಂಪು ಜಂಬಿಟ್ಟಿಗೆ ಕಲ್ಲಿನಾಗ ಸಣ್ಣ ಸಣ್ಣ ತೂತು ಭಾಳ ಅವ, ಮಳೆ ನೀರು ಅದರಾಗ ಇಳಿದು ಕೆಳಗಿನ ಕರಿಕಲ್ಲಿನ ಮ್ಯಾಲ ನಿಲ್ತದ. ಆ ನೀರನ್ನ ಹಿಡಿದು ನೆಲದೊಳಗಿನ ಕಾಲುವೆಯಿಂದ ಇಳಿಜಾರಿನ ಮ್ಯಾಲೇ ಹರಿಸಿದ್ದು. ನಡುನಡುವೆ ಗಾಳಿ ಬೆಳಕಿಗೆ ಬಾವಿಯಂಥ ಕಿಂಡಿ ಅವ. ಕಿಂಡಿಗಳ ಹತ್ತಿರ ಮಾತ್ರ ಮಕ್ಕಳ ಕೈ ಹಿಡಿದಿರಬೇಕು.

ಶಹಾಬಾದ್ ಪರಸಿ

ಬೆಂಕಿ ಯಾವುದರಾಗ ಬರ್ತದ? ಹೊಗಿ? ಸಾಬಾನಿನ ನೊರಿ? ಮಗ ಬಿಡವಲ್ಲ.

ಹಳೇ ಮಾಸ್ತರ (ಕಲಬುರಗಿ)

ತಾಯಿ, ಎಲ್ಲವನ್ನೂ ಮೂರು ಬುಟ್ಟಿಗೇ ಹಾಕಬೇಕೆಂದು ಹಠ ಬೇಡ. ನಾಲ್ಕನೆಯ ಬುಟ್ಟಿ ಇಡಿ, "ಇನ್ನೂ ನೋಡಬೇಕು" ಅಂತ ಚೀಟಿ ಹಚ್ಚಿ. ನೊರೆಯಲ್ಲಿ ದ್ರವದೊಳಗೆ ಗಾಳಿ ಸಿಕ್ಕಿಕೊಂಡಿದೆ. ಹೊಗೆಯಲ್ಲಿ ಬಿಸಿ ಗಾಳಿಯ ಜೊತೆ ಸಣ್ಣ ಮಸಿ ಕಣಗಳು ತೇಲುತ್ತವೆ, ಬಿಳಿ ತಟ್ಟೆ ಹಿಡಿದರೆ ಮಸಿ ಹತ್ತುತ್ತದೆ. ಬೆಂಕಿ ಒಂದು ವಸ್ತುವಲ್ಲ, ಉರಿಯುವ ಕ್ರಿಯೆ. ನಮಗೆ ಕಾಣುವ ಜ್ವಾಲೆ ಆ ಬಿಸಿಗೆ ಹೊಳೆಯುವ ಅನಿಲ ಮತ್ತು ಮಸಿ. ರೊಟ್ಟಿಯ ಹಿಟ್ಟು ನಾದಿದ್ದು, ಹಲ್ಲುಜ್ಜುವ ಪೇಸ್ಟು ಎಲ್ಲ ಆ ಬುಟ್ಟಿಗೇ. ಅಡುಗೆ ಗ್ಯಾಸಿನ ಸಿಲಿಂಡರ್ ಬಗ್ಗೆ ಕೇಳಿದರೆ, ಒಳಗೆ ಒತ್ತಡದಲ್ಲಿ ಹೆಚ್ಚಿನ ಭಾಗ ದ್ರವವಾಗೇ ಇದೆ, 14.2 ಕಿಲೋ. ಒಲೆಗೆ ಬರುವುದು ಅನಿಲ.

ಬೀದರಿನವ (ಈಗ ಬೆಂಗಳೂರು)

ಫುಟ್‌ಬಾಲ್ ತೂಗಿದೆವು, ಮಗಳು ತಕ್ಕಡಿ ಬಿಟ್ಟು ಏಳಲಿಲ್ಲ. ಕೊನೆಯ ಪ್ರಶ್ನೆ. ಇಷ್ಟೆಲ್ಲ ಮಾಡಿದ ಮೇಲೆ ಪರೀಕ್ಷೆಯಲ್ಲಿ "ಘನ ಎಂದರೇನು?" ಎಂದೇ ಕೇಳಿದರೆ ಮಗು ಏನು ಬರೆಯಬೇಕು?

ಕಪ್ಪುಮಣ್ಣು (ಸೇಡಂ ತಾಲ್ಲೂಕು)

ಪುಸ್ತಕದ ಸಾಲನ್ನೇ ಬರೆಯಲಿ ಅಣ್ಣಾ, ಅದು ಬ್ಯಾಡ ಅನ್ನುವುದಿಲ್ಲ. ಮಗು ನೋಡಿದ ಮೇಲೆ ಆ ಸಾಲು ತಾನಾಗೇ ನೆನಪಿರ್ತದ. ಆದರೆ ನಮ್ಮ ಕೈಯಲ್ಲಿ ಇರುವ ಕಿರುಪರೀಕ್ಷೆಗೆ ನಾನು ಬೇರೆ ಪ್ರಶ್ನೆ ಬರೆದಿದ್ದೀನಿ. ಅರ್ಧ ಅಂಕ ಉತ್ತರಕ್ಕೆ, ಅರ್ಧ ಅಂಕ ಕಾರಣಕ್ಕೆ. ಕಾರಣ ಮನೆ ಮಾತಲ್ಲಿ ಹೇಳಿದರೂ ಅಂಕ ಕೊಡ್ತೀನಿ. ಯಾರಿಗಾದರೂ ಬೇಕಾದರೆ ಬಳಸಿಕೊಳ್ರಿ, ಇನ್ನೂ ಹೊಳೆದರೆ ಕೆಳಗೆ ಸೇರಿಸ್ರಿ:

ರವೆಯನ್ನು ತಾಟಿಗೆ ಸುರುವಿದರೆ ಏನಾಗುತ್ತದೆ? ಚಿತ್ರ ಬರೆ. ಅದು ಘನವೋ ದ್ರವವೋ, ಯಾಕೆ?

ಬೀಗ ಹಾಕಿದ ಕೋಣೆಯಲ್ಲಿ ಊದುಬತ್ತಿ ಹಚ್ಚಿದರೆ ಬಾಗಿಲ ಹೊರಗೆ ನಿಂತವರಿಗೂ ವಾಸನೆ ಬರುತ್ತದೆ. ವಾಸನೆ ಹೇಗೆ ಬಂತು?

ಒಗೆದ ಅರಿವಿ ಏಪ್ರಿಲ್‌ನಲ್ಲಿ ಬೇಗ ಆರುತ್ತದೋ ಆಗಸ್ಟ್‌ನಲ್ಲಿ ಬೇಗ ಆರುತ್ತದೋ? ಅರಿವಿಯಲ್ಲಿದ್ದ ನೀರು ಎಲ್ಲಿಗೆ ಹೋಯಿತು?

ಸೈಕಲ್ ಟ್ಯೂಬಿಗೆ ಗಾಳಿಯ ಬದಲು ನೀರು ತುಂಬಿದರೆ ಕಲ್ಲಿನ ದಾರಿಯಲ್ಲಿ ಸೈಕಲ್ ಹೊಡೆಯುವುದು ಹೇಗಿರುತ್ತದೆ? ಸಿರಿಂಜ್ ನೆನಪು ಮಾಡಿಕೊಂಡು ಉತ್ತರ ಬರೆ.